ನೀರು ಕುಡಿದ ಕಂಬ

ಶನಿವಾರ ಬೆಳಿಗ್ಗೆ ಮುಹರ್ರಕ್‌ನ ಆ ಹಳೆಯ ಮನೆಯ ಬೀಗ ತೆಗೆದು ಅಂಗಳಕ್ಕೆ ಕಾಲಿಟ್ಟಾಗ ನನಗೆ ಮೊದಲು ಬಡಿದದ್ದು ವಾಸನೆ. ಒದ್ದೆ ಮಣ್ಣಿನ ವಾಸನೆ. ಊರಿನಲ್ಲಾಗಿದ್ದರೆ ಮೂಗರಳಿಸಿ ನಿಲ್ಲುತ್ತಿದ್ದೆನೋ ಏನೋ. ಬಹರೈನಿನಲ್ಲಿ ಹಳೆಯ ಕಲ್ಲುಮನೆಗಳ ರಿಪೇರಿ ಮಾಡುವ ಮೇಸ್ತ್ರಿಯ ಮೂಗಿಗೆ ಆ ವಾಸನೆ ಬಂದರೆ ಜೀವ ಬಾಯಿಗೆ ಬರುತ್ತದೆ.

ಅಂಗಳ ದಾಟಿ ಕೆಳಗಿನ ಕೋಣೆಗೆ ಓಡಿದೆ. ಎರಡು ಬಾಗಿಲುಗಳ ನಡುವೆ ನಾವು ಗುರುವಾರ ದುರಸ್ತಿ ಮಾಡಿ ಮುಗಿಸಿದ್ದ ಕಲ್ಲಿನ ಕಂಬ ಸೊಂಟದೆತ್ತರದವರೆಗೆ ಕಪ್ಪಾಗಿತ್ತು. ಅದರ ಮೇಲೆ ಬಿಳಿಯ ಉಪ್ಪು ಹೂ ಬಿಟ್ಟಂತೆ ಎದ್ದಿತ್ತು. ಸಂದಿಗೆ ಹೆಬ್ಬೆರಳು ಒತ್ತಿದೆ. ಬೆರಳು ಒಳಗೆ ಹೋಯಿತು. ಪಕ್ಕಕ್ಕೆ ಬಂದು ಒಂದು ಕಣ್ಣು ಮುಚ್ಚಿ ನೋಡಿದರೆ ಕಂಬ ಹೊಟ್ಟೆ ಬಿಟ್ಟಿತ್ತು. ಮಹಡಿಯ ಕೋಣೆಯ ತೊಲೆ ಕೂತಿದ್ದದ್ದು ಅದೇ ಕಂಬದ ತಲೆಯ ಮೇಲೆ.

ಹಿಂದೆ ನನ್ನ ಭಾವ ಬಂದು ನಿಂತರು. ಹೆಗಲಲ್ಲಿ ಬೈರಾಸು ವಸ್ತ್ರ, ಕೈಯಲ್ಲಿ ಬುತ್ತಿ, ಮುಖದ ತುಂಬ ಸಮಾಧಾನ.

“ನಿನ್ನೆ ಎರಡು ಸರ್ತಿ ಬಂದು ನೀರು ಬಿಟ್ಟಿದ್ದೇನೆ,” ಎಂದರು. “ಒಳ್ಳೆ ಕುಡಿದಿದೆ.”

ಭಾವ ಅಂದರೆ ನನ್ನ ಅಕ್ಕನ ಗಂಡ. ಕಾರ್ಕಳದ ಕಡೆಯವರು, ಅರ್ಧ ಆಯುಷ್ಯ ಕೆಂಪುಕಲ್ಲಿನ ಮನೆ ಕಟ್ಟಿ, ಗುಡ್ಡ ಕಡಿದ ದರೆಗಳು ಜರಿಯದಂತೆ ಕಲ್ಲು ಕಟ್ಟಿ ಕೈ ಪಳಗಿಸಿಕೊಂಡವರು. ಊರಲ್ಲಿ ಕೆಲಸ ಕಡಿಮೆಯಾದಾಗ ನಾನೇ ವೀಸಾ ಮಾಡಿಸಿ ಕರೆಸಿಕೊಂಡಿದ್ದೆ. ಸೆಗಯಾ ಬಡಾವಣೆಯ ನನ್ನ ಕೋಣೆಯಲ್ಲೇ ಇದ್ದರು. ಮನೆಯ ಲೆಕ್ಕದಲ್ಲಿ ಅವರು ಹಿರಿಯರು, ಅವರ ಮುಂದೆ ನಾನು ಕಾಲ ಮೇಲೆ ಕಾಲು ಹಾಕಿ ಕೂರುವಂತಿಲ್ಲ. ಸೈಟಿನ ಲೆಕ್ಕದಲ್ಲಿ ನಾನು ಮೇಸ್ತ್ರಿ, ಅವರು ನನ್ನ ಕೈಕೆಳಗಿನ ಕಲ್ಲುಕೆಲಸದವರು. ಈ ಎರಡು ಲೆಕ್ಕ ಒಂದಕ್ಕೊಂದು ತಾಳೆಯಾಗದೆ ಅವರು ಬಂದ ದಿನದಿಂದ ನಾವಿಬ್ಬರೂ ಒದ್ದಾಡುತ್ತಿದ್ದೆವು.

ನೀರು ಬೇಡ ಎಂದು ಅವರಿಗೆ ಹೇಳಿದ್ದೆ. ಒಂದು ಸಲವಲ್ಲ, ಬಾಯಿ ಒಣಗುವ ತನಕ ಹೇಳಿದ್ದೆ. ಇಲ್ಲಿಯ ಹಳೆಯ ಮನೆಗಳದ್ದು ಸಮುದ್ರದ ಕಲ್ಲು. ಹವಳ ಸತ್ತು ಗಟ್ಟಿಯಾದದ್ದು, ಹಗುರ, ಮೈಯೆಲ್ಲ ತೂತು. ಒಡೆದರೆ ಒಳಗೆ ಚಿಪ್ಪು ಕಾಣುತ್ತದೆ. ಅದನ್ನು ಕೂರಿಸುವುದು ಜುಸ್‌ನಲ್ಲಿ, ಎಂದರೆ ಸುಟ್ಟು ಪುಡಿ ಮಾಡಿದ ಜಿಪ್ಸಂನಲ್ಲಿ. ಒಂದು ಚಾ ಕುಡಿದು ಮುಗಿಸುವುದರೊಳಗೆ ಅದು ಬಿಗಿದುಕೊಳ್ಳುತ್ತದೆ, ಆಮೇಲೆ ಅದಕ್ಕೆ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಗೋಡೆಯ ಒಳಗಿನ ತಿರುಳಂತೂ ಬರೀ ಮಣ್ಣು. ನೀರು ಹೋದರೆ ಮಣ್ಣು ಕರಗುತ್ತದೆ, ಕಲ್ಲಿನ ಹೊಟ್ಟೆಯಲ್ಲಿರುವ ಉಪ್ಪು ಹೊರಗೆ ಬರುತ್ತದೆ. ಆದರೆ ನಮ್ಮ ಕಡೆಯ ಕಲ್ಲುಕಟ್ಟುವವನಿಗೆ ಇದನ್ನು ಹೇಗೆ ನಂಬಿಸುವುದು? ಕಟ್ಟಿದ ಮರುದಿನದಿಂದ ಬೆಳಿಗ್ಗೆ ಸಂಜೆ ನೀರು ಬಿಡದಿದ್ದರೆ ಅವನನ್ನು ಕೆಲಸಗಾರ ಎಂದೇ ಯಾರೂ ಕರೆಯುವುದಿಲ್ಲ. ಮಗಳ ಮದುವೆಯ ದಿನವೂ ಚಪ್ಪರದಿಂದ ಎದ್ದು ಹೋಗಿ ಯಾರದೋ ಗೋಡೆಗೆ ನೀರು ಬಿಟ್ಟು ಬಂದ ಮನುಷ್ಯ ನಮ್ಮ ಭಾವ. ನಾನು ಬೇಡ ಎಂದದ್ದನ್ನು ಅವರು ಗಲ್ಫಿನ ಸೋಮಾರಿತನ ಎಂದುಕೊಂಡರು. ಶುಕ್ರವಾರ ರಜೆ. ಎಲ್ಲರೂ ಬಟ್ಟೆ ಒಗೆದುಕೊಂಡು ಮಲಗಿದ್ದಾಗ ಇವರು ಬಸ್ಸು ಹಿಡಿದು ಮುಹರ್ರಕ್‌ಗೆ ಬಂದು, ಎದುರಿನ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯ ಮಲಯಾಳಿಯ ಹತ್ತಿರ ಕೀ ಇಸಿದುಕೊಂಡು, ಪೈಪು ಹಿಡಿದು ನಿಂತಿದ್ದಾರೆ. ಸಾಲದ್ದಕ್ಕೆ ಸಂಜೆ ಮತ್ತೊಮ್ಮೆ.

ನನ್ನ ಸಿಟ್ಟು ನೆತ್ತಿಗೇರಿತು. ಹೆಲ್ಪರುಗಳಿಬ್ಬರು ಬಾಗಿಲಲ್ಲಿ ನಿಂತಿದ್ದಾರೆ ಎಂಬುದನ್ನೂ ಮರೆತು ಬಾಯಿಗೆ ಬಂದ ಹಾಗೆ ಬೈದೆ. ತಲೆಯಲ್ಲಿ ಏನಿದೆ, ಮೆದುಳೋ ಕೆಂಪುಕಲ್ಲೋ ಎಂದು ಕೇಳಿದೆ. ಭಾವ ಬುತ್ತಿ ಕೆಳಗಿಟ್ಟು ಕಂಬದ ಹತ್ತಿರ ಹೋಗಿ, ನಾನು ಒತ್ತಿದ ಜಾಗದಲ್ಲೇ ಬೆರಳು ಒತ್ತಿದರು. ಬೆರಳನ್ನು ಹೊರಗೆ ತೆಗೆದು ಬಹಳ ಹೊತ್ತು ನೋಡಿದರು. ಅವರ ಮುಖದ ಬಣ್ಣ ಇಳಿದುಹೋದದ್ದು ಕಂಡು ನನ್ನ ಬಾಯಿ ತಾನಾಗಿ ನಿಂತಿತು.

ಬರೀ ಕಂಬವಾಗಿದ್ದರೆ ಕಟ್ಟಿದವರೇ ಬಿಚ್ಚಿ ಕಟ್ಟುತ್ತಿದ್ದೆವು. ಆದರೆ ಆ ಕಂಬದ ಮೇಲೆ ಇಡೀ ಮನೆಯ ಹಣೆಬರಹ ನಿಂತಿತ್ತು. ಮನೆ ಇಲ್ಲಿಯವರೇ ಆದ ಒಬ್ಬ ಟೀಚರಮ್ಮ ಮತ್ತು ಅವರ ಅಣ್ಣನಿಗೆ ಸೇರಿದ್ದು, ಅವರ ಅಜ್ಜ ಕಟ್ಟಿಸಿದ್ದು. ಮುಂಬೈಗೆ ವ್ಯಾಪಾರಕ್ಕೆ ಹೋಗಿಬರುತ್ತಿದ್ದ ಮನೆತನ, ಹಾಗಾಗಿ ಇಬ್ಬರಿಗೂ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಟೀಚರ್‌ಗೆ ಮನೆಯನ್ನು ಇದ್ದ ಹಾಗೇ ಉಳಿಸಿ, ಕೆಳಗಿನ ಕೋಣೆಗಳಲ್ಲಿ ಮಕ್ಕಳಿಗೆ ಓದುವ ಜಾಗ ಮಾಡಬೇಕೆಂಬ ಆಸೆ. ಅಣ್ಣನಿಗೆ ಕೆಡವಿ ಫ್ಲ್ಯಾಟ್ ಎಬ್ಬಿಸಬೇಕು. ಕೊನೆಗೆ ಅವನು ಒಂದು ಮಾತಿಗೆ ಒಪ್ಪಿದ್ದ. ಮನೆ ಗಟ್ಟಿಯಾಗಿ ನಿಂತರೆ ನಿನ್ನಿಷ್ಟ, ಒಂದು ಕಲ್ಲು ಉದುರಿದರೂ ಅದೇ ದಿನ ಕೆಡವುವ ಕಾಗದಕ್ಕೆ ನೀನು ಸಹಿ ಹಾಕಬೇಕು. ಟೀಚರ್ ಒಪ್ಪಿದ್ದರು. ಬೇರೆ ದಾರಿ ಇರಲಿಲ್ಲ. ಅವನು ಪ್ರತಿ ಶನಿವಾರ ಬಂದು, ಉದುರಿದ ಕಲ್ಲು ಎಲ್ಲಿದೆ ಎಂದು ಹುಡುಕುವವನ ಹಾಗೆ ಮನೆ ಸುತ್ತುತ್ತಿದ್ದ. ಅವನಿಗೆ ಬಹುವಚನ ಕೊಡಲು ನನಗೆ ಇಂದಿಗೂ ಮನಸ್ಸಿಲ್ಲ.

ಅವತ್ತು ಶನಿವಾರ.

ಮೊದಲು ಹೆಲ್ಪರುಗಳನ್ನು ಹೊರಗೆ ಕಳಿಸಿದೆ. ತೊಲೆಗೆ ಆಧಾರ ಕೊಟ್ಟಿದ್ದ ಕಬ್ಬಿಣದ ಜಾಕ್‌ಗಳನ್ನು ಕಂಬ ಮುಗಿಯಿತೆಂದು ಗುರುವಾರವೇ ಬಿಚ್ಚಿ ವಾಪಸು ಕಳಿಸಿದ್ದೆವು. ಟುಬ್ಲಿಯಲ್ಲಿದ್ದ ನಮ್ಮ ಕಂಪನಿಯ ಸಾಮಾನಿನ ಯಾರ್ಡಿಗೆ ಫೋನ್ ಮಾಡಿದೆ. ಎಲ್ಲ ಮೀನಾ ಸಲ್ಮಾನ್‌ನ ಒಂದು ಗೋದಾಮಿನ ಕೆಲಸಕ್ಕೆ ಹೋಗಿವೆ, ಸಂಜೆಯೊಳಗೆ ನೋಡೋಣ ಎಂದ ಅಲ್ಲಿಯವನು. ನಮ್ಮ ಇಂಜಿನಿಯರ್ ರಜೆಯಲ್ಲಿ ಊರಿಗೆ ಹೋಗಿದ್ದರು, ಅವರ ಫೋನ್ ತಾಗಲೇ ಇಲ್ಲ. ಅಷ್ಟರಲ್ಲಿ ತೊಲೆಯ ಬುಡದಿಂದ ಸಣ್ಣಗೆ ಹುಡಿ ಉದುರಲು ಶುರುವಾಯಿತು. ನಿಲ್ಲುತ್ತಿತ್ತು, ಮತ್ತೆ ಉದುರುತ್ತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

ಭಾವನೇ ಮೊದಲು ಅಲ್ಲಾಡಿದ್ದು. ಅಂಗಳದಲ್ಲಿ ಚಪ್ಪಡಿಯಂಥ ಸಮುದ್ರಕಲ್ಲುಗಳ ರಾಶಿಯಿತ್ತು. ಹಳೆಯ ಗೋಡೆಗಳಿಂದ ತೆಗೆದದ್ದು, ಒಣಗಿದ್ದು. ಅವರು ಒಂದೊಂದನ್ನೇ ಎತ್ತಿ, ತಿರುಗಿಸಿ, ಕೆಲವನ್ನು ಬದಿಗೆ ಹಾಕಿ, ಕೆಲವನ್ನು ಒಳಗೆ ತಂದು ಇಡತೊಡಗಿದರು. ಏನು ಮಾಡುತ್ತೀರಿ ಎಂದು ಕೇಳಿದೆ. ಗುಡ್ಡದ ದರೆಗೆ ಕಟ್ಟುವ ಹಾಗೆ, ಜುಸ್ ಬೇಡ, ಮಣ್ಣು ಬೇಡ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಪಕ್ಕದಲ್ಲೇ ಇನ್ನೊಂದು ಕಂಬ ಎಬ್ಬಿಸಿ ತೊಲೆಗೆ ಆಧಾರ ಕೊಡುತ್ತೇನೆ ಎಂದರು. ಆಮೇಲೆ ಒದ್ದೆಯದ್ದನ್ನು ಮೇಲಿನಿಂದ ಬಿಚ್ಚಬಹುದು. ನನಗೆ ಹೆದರಿಕೆಯಾಯಿತು. ಅವರು ಕೆಲಸ ಮಾಡಬೇಕಾದದ್ದು ಆ ತೊಲೆಯ ನೇರ ಕೆಳಗೆ, ಹೊಟ್ಟೆ ಬಿಟ್ಟ ಕಂಬದಿಂದ ಒಂದು ಮೊಳದಾಚೆ. ಬೇಡ ಎಂದರೆ ಸಂಜೆಯವರೆಗೆ ಕಾಯಬೇಕು. ಸಂಜೆಯವರೆಗೆ ಅದು ಕಾಯುವ ಹಾಗಿರಲಿಲ್ಲ.

ಕಲ್ಲು ನಾನು ತಂದುಕೊಟ್ಟೆ. ಅವರು ಕೂರಿಸಿದರು. ಪ್ರತಿ ಕಲ್ಲನ್ನೂ ಅಂಗೈಯಲ್ಲಿ ಒತ್ತಿ ಅಲ್ಲಾಡಿಸಿ ನೋಡುವುದು, ಅಲ್ಲಾಡಿದರೆ ತೆಗೆದು ಇನ್ನೊಂದು ಬದಿ ಹಾಕುವುದು, ಆಗಲೂ ಅಲ್ಲಾಡಿದರೆ ಎಸೆಯುವುದು. ಸುತ್ತಿಗೆ ಮುಟ್ಟಲಿಲ್ಲ. ಪೆಟ್ಟು ಹಾಕಿದರೆ ಪಕ್ಕದ ಕಂಬಕ್ಕೆ ತಾಗುತ್ತದೆ. ನನಗೆ ತಾಳ್ಮೆ ಮೊದಲೇ ಕಡಿಮೆ. ಬೇಗ, ಬೇಗ ಎನ್ನುವ ಮಾತನ್ನು ನುಂಗಿಕೊಂಡು ಮುಂದಿನ ಕಲ್ಲು ತಂದೆ. ಒಮ್ಮೆ ಹಿಂದಿನಿಂದ ಟಕ್ ಎಂದು ಸದ್ದಾಯಿತು. ಒದ್ದೆ ಕಂಬದ ಕಲ್ಲು ಸೀಳಿ ಅಂಗೈಯಗಲದ ತುಂಡೊಂದು ಅವರ ಬೆನ್ನಿಗೆ ಬಡಿದು ಕೆಳಗೆ ಬಿತ್ತು. ಅವರು ಕೈಯಲ್ಲಿದ್ದ ಕಲ್ಲನ್ನು ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ. ಅಕ್ಕನ ಮುಖ ನನ್ನ ಕಣ್ಣ ಮುಂದೆ ಬಂತು. ದೇವರೇ, ಇದೊಂದು ಸಲ ದಾಟಿಸು ಎಂದು ಬಾಯಿಬಿಟ್ಟೇ ಬೇಡಿಕೊಂಡೆ.

ಒಣಕಲ್ಲಿನ ಕಂಬ ತೊಲೆಯ ಹತ್ತಿರ ಮುಟ್ಟುವ ಹೊತ್ತಿಗೆ ಟೀಚರ್ ಬಂದರು. ಅಣ್ಣನಿಗಿಂತ ಮೊದಲೇ ಬಂದು ಒಮ್ಮೆ ನೋಡಿಕೊಳ್ಳುವುದು ಅವರ ಅಭ್ಯಾಸ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀರು ಬಿದ್ದಿದೆ, ಕಂಬ ಹೋಗಿದೆ, ಬಿಚ್ಚಿ ಕಟ್ಟಬೇಕು. ಯಾರು ನೀರು ಹಾಕಿದ್ದು ಎಂದು ಅವರು ಕೇಳಲಿಲ್ಲ. ಕಂಬದ ಎದುರು ನಿಂತರು. ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಅವರು ಕೇಳಿದ್ದು, ಮೇಲೆ ಒಂದು ಕೈ ಜುಸ್ ಹೊಡೆದು ಮುಚ್ಚಲು ಆಗುತ್ತದೆಯೇ ಎಂದು. ಅವನು ಬಂದು ನೋಡಿ ಹೋಗಲಿ, ಆಮೇಲೆ ನಿಮಗೆ ಬೇಕಾದ ಹಾಗೆ ಬಿಚ್ಚಿ.

ಆಗುತ್ತಿತ್ತು. ಅದೇ ಅದರ ದೊಡ್ಡ ಕಷ್ಟ. ಜುಸ್ ಕಲಸಿ, ಕರಣೆಯಲ್ಲಿ ಎಳೆದು, ಒಣ ಹುಡಿ ಉಜ್ಜಿದರೆ ಅವನಿಗಲ್ಲ, ಅವನಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಟೀಚರ್ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಜುಸ್ ಕಲಸುವ ಬಕೆಟ್ಟಿಗೆ ಕೈ ಹಾಕಿಯೂ ಆಗಿತ್ತು.

ಭಾವ ಕೇಳಿದರು, ಅವರು ಎಂತ ಹೇಳ್ತಾರೆ? ಅವರ ಹಿಂದಿ ಅಷ್ಟಕ್ಕಷ್ಟೆ. ನಾನು ಹೇಳಿದೆ. ಅವರು ನನ್ನ ಕೈಯಿಂದ ಬಕೆಟ್ಟನ್ನು ತೆಗೆದು ಅಂಗಳದಲ್ಲಿಟ್ಟು ಬಂದರು.

“ಮುಚ್ಚಿದರೆ ಅವನು ಇದರ ಅಡಿಯಲ್ಲಿ ಬಂದು ನಿಲ್ತಾನೆ,” ಎಂದರು. “ಬಿದ್ದರೆ ಎಂತ ಮಾಡ್ತಿ? ಬಿಚ್ಚುವಾ. ನೋಡಿದರೆ ನೋಡಲಿ.”

ಅದನ್ನು ಟೀಚರ್‌ಗೆ ಹೇಳುವುದು ನನ್ನ ಪಾಲಿಗೆ ಬಂತು. ಕೇಳಿ ಅವರು ಅಂಗಳದ ಮೆಟ್ಟಿಲ ಮೇಲೆ ಕೂತರು. ಕೂತಲ್ಲಿಂದಲೇ, ಮಾಡಿ ಎಂಬಂತೆ ಕೈ ಆಡಿಸಿದರು. ಭಾವ ಹೊಸ ಕಂಬದ ತಲೆಗೂ ತೊಲೆಗೂ ನಡುವೆ ಮರದ ಬೆಣೆಗಳನ್ನು ಎರಡು ಕಡೆಯಿಂದಲೂ ತೂರಿಸಿ, ಮೊಣಕೈಯಿಂದ ಒತ್ತಿ ಬಿಗಿ ಮಾಡಿದರು. ತೊಲೆ ಒಮ್ಮೆ ನರಳಿ ಸುಮ್ಮನಾಯಿತು, ಹುಡಿ ಉದುರುವುದು ನಿಂತಿತು. ಆಮೇಲೆ ಒದ್ದೆ ಕಂಬದ ಕಲ್ಲುಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ ಹೊರಗೆ ಸಾಗಿಸಿದೆವು. ಒಳಗಿನ ಮಣ್ಣು ಗಂಜಿಯ ಹಾಗೆ ಸುರಿಯಿತು.

ಅವನು ಬಂದಾಗ ಕಂಬ ಇದ್ದ ಜಾಗ ಬಟಾಬಯಲಾಗಿತ್ತು.

ಬಿಳಿ ಅರಬಿ ನಿಲುವಂಗಿಯ ತುದಿಯನ್ನು ಕೆಸರಿಗೆ ತಾಗದ ಹಾಗೆ ಎತ್ತಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು ನೋಡಿದ. ದಪ್ಪ ಆಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಖುಷಿಯಿತ್ತು. ತಂಗಿಗೆ ಅರಬಿಯಲ್ಲಿ ಏನೋ ಹೇಳಿದ, ಅವರು ತಿರುಗಿ ಏನೋ ಹೇಳಿದರು, ಮಾತಿಗೆ ಮಾತು ಬೆಳೆಯಿತು. ನಾನು ನಡುವೆ ಬಾಯಿ ಹಾಕಿ ಹಿಂದಿಯಲ್ಲಿ ವಿವರಿಸಿದೆ. ಉದುರಿದ್ದಲ್ಲ, ನಾವೇ ಬಿಚ್ಚಿದ್ದು. ಭಾರವೆಲ್ಲ ಈಗ ಇದರ ಮೇಲಿದೆ, ಮನೆಗೆ ಏನೂ ಆಗಿಲ್ಲ. ಅವನು ಒಣಕಲ್ಲಿನ ಕಂಬವನ್ನು ನೋಡಿ ನಕ್ಕ. ಅಂಟು ಇಲ್ಲ, ಸಿಮೆಂಟು ಇಲ್ಲ, ಮಕ್ಕಳು ಕಡಲ ಬದಿಯಲ್ಲಿ ಆಡಿದ ಹಾಗಿದೆ ಎಂದ.

ಇವನು ನಗುವುದು ಯಾಕೆ ಎಂದು ಭಾವ ಕೇಳಿದರು. ಹೇಳಿದೆ. ಅವರು ಗಟ್ಟಿ ಉಂಟು ಅಂತ ಹೇಳು ಎಂದರು. ನಾನು ಹೇಳಿದೆ.

“ಗಟ್ಟಿ ಇದ್ದರೆ ಇವನು ಇದರ ಕೆಳಗೆ ನಿಲ್ಲಲಿ,” ಎಂದ ಅವನು. “ನಾನು ಮೇಲೆ ನಡೆದಾಡುತ್ತೇನೆ. ನಿಂತರೆ ಕೆಡವುವ ಮಾತನ್ನು ಇನ್ನು ಎತ್ತುವುದಿಲ್ಲ. ಒಂದು ಕಲ್ಲು ಜಾರಿದರೂ ಇವಳು ಇವತ್ತೇ ಸಹಿ ಹಾಕಬೇಕು.”

ಟೀಚರ್ ಬೇಡ ಎಂದು ತಲೆಯಾಡಿಸಿದರು. ಅಣ್ಣನ ಆ ಸವಾಲನ್ನು ನಾನು ಭಾವನಿಗೆ ಹೇಳಲೇ ಇಲ್ಲ. ಹೇಳಬೇಕಾಗಲಿಲ್ಲ. ಅವನು ಬೆರಳಿನಿಂದ ಕೆಳಗೆ ತೋರಿಸಿದ್ದು, ಮೇಲೆ ತೋರಿಸಿದ್ದು ಅವರಿಗೆ ಅರ್ಥವಾಗಿತ್ತು. ಬೈರಾಸನ್ನು ಹೆಗಲಿನಿಂದ ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಒಳಗೆ ಹೋಗಿ, ತೊಲೆಯ ಕೆಳಗೆ ನಿಂತರು. ನಾನೂ ಹಿಂದೆಯೇ ಹೊರಟೆ. ಮೇಸ್ತ್ರಿ ನಾನು, ಕರೆತಂದವನು ನಾನು, ನಿಲ್ಲಬೇಕಾದವನೂ ನಾನೇ. ಅವರು ಕೈ ಅಡ್ಡ ಹಿಡಿದರು.

“ನೀನು ಬರಬೇಡ ಮಾರಾಯ. ನಿನ್ನ ಅಕ್ಕನಿಗೆ ಹೇಳ್ಲಿಕ್ಕೆ ಒಬ್ಬ ಬೇಕಲ್ಲ.”

ಅಂಥ ಹೊತ್ತಿನಲ್ಲೂ ಅವರ ತುಟಿಯಲ್ಲಿ ಸಣ್ಣ ನಗೆಯಿತ್ತು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಆ ದಪ್ಪ ಮನುಷ್ಯನ ಕುತ್ತಿಗೆ ಪಟ್ಟಿ ಹಿಡಿದು ಎಳೆಯಬೇಕೆನಿಸಿತು. ಅವನಾಗಲೇ ಅಂಗಳದ ಮೆಟ್ಟಿಲು ಹತ್ತುತ್ತಿದ್ದ. ಮೇಲೆ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಹೆಜ್ಜೆ.

ಆಗ ಟೀಚರ್ ನನ್ನ ಪಕ್ಕದಿಂದ ಸರಿದು ಹೋದರು. ಓಡಲಿಲ್ಲ, ಚಪ್ಪಲಿ ಬಿಟ್ಟು ನಡೆದು ಹೋಗಿ ಭಾವನ ಪಕ್ಕದಲ್ಲಿ ನಿಂತರು. ಭಾವ ಗಾಬರಿಯಾದರು, ಅಮ್ಮ, ಬೇಡ ಎಂದು ಕನ್ನಡದಲ್ಲೇ ಹೇಳಿದರು. ಅವರು ಅಲ್ಲಾಡಲಿಲ್ಲ. ಆಗ ಭಾವ ತಾವು ಸ್ವಲ್ಪ ಈಚೆಗೆ, ತೊಲೆಯ ನೇರ ಅಡಿಗೆ ಸರಿದು, ಅವರಿಗೆ ಗೋಡೆಯ ಕಡೆಯ ಜಾಗ ಬಿಟ್ಟುಕೊಟ್ಟರು. ನಿನ್ನ ತಂಗಿ ಕೆಳಗಿದ್ದಾರೆ ಎಂದು ಕೂಗಲು ನಾನು ಬಾಯಿ ತೆರೆದೆ. ಟೀಚರ್ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡಿತು.

ಹೆಜ್ಜೆಗಳು ಆ ಕೊನೆಯವರೆಗೆ ಹೋದವು. ತಿರುಗಿ ಬಂದವು. ಚಾವಣಿಯ ಮರಗಳು ಒಂದಾದ ಮೇಲೊಂದು ಕಿರುಗುಟ್ಟಿದವು. ಭಾವ ಒಂದು ಅಂಗೈಯನ್ನು ಒಣಕಲ್ಲಿನ ಮೇಲೆ ಇಟ್ಟು ತಲೆ ತಗ್ಗಿಸಿ ಕಿವಿಗೊಡುತ್ತಿದ್ದರು. ಹೆಜ್ಜೆ ನೇರ ಅವರ ತಲೆಯ ಮೇಲೆ ಬಂದು ನಿಂತಿತು. ಇನ್ನು ಇಳಿದು ಬರುತ್ತಾನೆ ಎಂದುಕೊಂಡೆ. ಅವನು ಕಾಲೆತ್ತಿ ಕುಟ್ಟಿದ.

ನಡೆಯುತ್ತೇನೆ ಎಂದಿದ್ದ, ಕುಟ್ಟುತ್ತೇನೆ ಎಂದಿರಲಿಲ್ಲ. ಚಾವಣಿಯ ಈಚಲ ಚಾಪೆಯಿಂದ ಬಿಳಿ ಹುಡಿ ಸುರಿದು ಇಬ್ಬರೂ ಮಸುಕಾದರು. ಮತ್ತೊಮ್ಮೆ ಕುಟ್ಟಿದ. ಬೆಣೆಯೊಂದು ಕಿರ್ ಎಂದಿತು, ಟೀಚರ್ ಕಣ್ಣು ಮುಚ್ಚಿದರು. ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ. ಕಲ್ಲು ಕದಲಲಿಲ್ಲ. ಒಂದೂ ಕದಲಲಿಲ್ಲ.

ಮನೆ ಉಳಿಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ಮತ್ತೆ ಕೆಡವುವ ಮಾತೆತ್ತಲಿಲ್ಲ, ಬಿಚ್ಚಿದ ಆ ಕಂಬವನ್ನು ಭಾವನೇ ಜುಸ್‌ನಲ್ಲಿ ಕಟ್ಟಿದರು, ಕಟ್ಟಿದ ಮೇಲೆ ಒಂದು ಹನಿ ನೀರು ತಾಗಿಸದೆ. ಆದರೆ ಅವತ್ತು ಮೆಟ್ಟಿಲಿಳಿದು ಬಂದವನಿಗೆ ಕೆಳಗೆ ಏನು ಕಾಣಲಿದೆ ಎಂದು ಗೊತ್ತಿರಲಿಲ್ಲ. ಕೋಣೆಯ ಬಾಗಿಲಿಗೆ ಬಂದ. ಹುಡಿ ಇಳಿಯುತ್ತಿತ್ತು. ಕಪ್ಪು ಅಬಾಯಾ ಪೂರ್ತಿ ಬಿಳಿಯಾಗಿ ತಂಗಿ ತೊಲೆಯ ಕೆಳಗೆ ನಿಂತಿದ್ದನ್ನು ಕಂಡ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಒಳಗೆ ನುಗ್ಗಿ ಅವರ ತೋಳು ಹಿಡಿದು ಅಂಗಳಕ್ಕೆ ಎಳೆದು ತಂದ. ತಲೆಯ ಹುಡಿ ಕೊಡವಿದ, ಕೈ ಮುಟ್ಟಿ ನೋಡಿದ, ಅರಬಿಯಲ್ಲಿ ಕೂಗಿದ. ಅವನ ದನಿ ಒಡೆದುಹೋಗಿತ್ತು. ಅವನಿಗೂ ಕರುಳಿದೆ ಎಂದು ನನಗೆ ಗೊತ್ತಾದದ್ದೇ ಆಗ, ಮತ್ತು ನನ್ನ ಸಿಟ್ಟು ಇಮ್ಮಡಿಯಾದದ್ದೂ ಆಗಲೇ. ಯಾಕೆ ಹೇಳಲಿಲ್ಲ, ನೀನು ಕೆಳಗಿದ್ದೀಯೆಂದು ನನಗೆ ಹೇಗೆ ಗೊತ್ತಾಗಬೇಕು ಎಂದು ಅವನು ಕೇಳುತ್ತಿದ್ದನೆಂದು ತಿಳಿಯಲು ನನಗೆ ಬರುವ ಅಷ್ಟಿಷ್ಟು ಅರಬಿ ಸಾಕಾಗಿತ್ತು.

ಟೀಚರ್ ತೋಳು ಬಿಡಿಸಿಕೊಂಡರು. ಅಣ್ಣನೊಡನೆ ಅವರು ಹಿಂದಿ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವತ್ತು ನಮಗೆ ಕೇಳಲಿ ಎಂದೇ ಹಿಂದಿಯಲ್ಲಿ ಹೇಳಿದರು.

“ಇವರು ಕೆಳಗಿದ್ದದ್ದು ನಿನಗೆ ಗೊತ್ತಿತ್ತಲ್ಲ.”

ಅವನು ತಿರುಗಿ ನನ್ನ ಭಾವನ ಮುಖವನ್ನು ನೋಡಿದ. ಅಷ್ಟು ಶನಿವಾರ ಬಂದು ಹೋಗಿದ್ದರೂ ಅವನು ಆ ಮುಖ ನೋಡಿದ್ದು ಅದೇ ಮೊದಲು.